ಡ್ರೋನಿಗೆ ಹೊಸ ಜಿಪಿಎಸ್ ಬಂದಿದೆ, ಆದರೂ ವನಭೋಜನದಲ್ಲಿ ಹಾರಿಸುವುದು ಬೇಡ

ಬೇಸಿಗೆ ಸಮೀಪಿಸುತ್ತಿದ್ದಂತೆ ನಮ್ಮ ಕನ್ನಡ ಕೂಟಗಳಲ್ಲಿ ವನಭೋಜನದ ಮಾತು ಆರಂಭವಾಗುತ್ತದೆ. ಉದ್ಯಾನದ ಯಾವ ಶೆಲ್ಟರನ್ನು ಕಾದಿರಿಸಬೇಕು, ಬಿಸಿಬೇಳೆಬಾತಿನ ಹೊಣೆ ಯಾರದು, ಮೊಸರನ್ನ ಯಾರ ಮನೆಯಿಂದ ಬರಬೇಕು, ಮಕ್ಕಳಿಗೆ ಲಗೋರಿ ಆಡಿಸುವವರು ಯಾರು ಎಂಬ ಚರ್ಚೆಗಳ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ವಿಷಯವೂ ಸೇರಿಕೊಂಡಿದೆ. "ಈ ಸಲ ಎಲ್ಲರ ಚಿತ್ರವನ್ನು ಡ್ರೋನಿನಿಂದ ತೆಗೆಸೋಣ. ನಮ್ಮ ಹುಡುಗ ಅದಕ್ಕೆ ಹೊಸ ಜಿಪಿಎಸ್ ಹಾಕಿದ್ದಾನೆ. ಈಗ ಒಂದಿಷ್ಟೂ ಅಲ್ಲಾಡದೆ ನಿಲ್ಲುತ್ತದಂತೆ. ಹೆದರಬೇಕಾದ್ದಿಲ್ಲ."

ಈ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಆಡಿದವರೆಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಆಡಿದ್ದಾರೆ. ಹುಡುಗನೊಬ್ಬ ತನ್ನ ಕೈಯಾರೆ ಯಂತ್ರವೊಂದನ್ನು ಬಿಚ್ಚಿ, ಭಾಗ ಬದಲಾಯಿಸಿ, ಮತ್ತೆ ಜೋಡಿಸಿದನೆಂದರೆ ಹೆತ್ತವರಿಗೆ ಹೆಮ್ಮೆಯೆನಿಸುವುದು ಸಹಜ. ಆ ಹೆಮ್ಮೆಯಲ್ಲಿ ನನ್ನ ಪಾಲೂ ಇದೆ. ಆದರೆ "ಹೊಸ ಜಿಪಿಎಸ್ ಇದೆ" ಎಂಬ ಮೊದಲ ಮಾತಿನಿಂದ "ಹೆದರಬೇಕಾದ್ದಿಲ್ಲ" ಎಂಬ ಕಡೆಯ ಮಾತಿಗೆ ನಾವು ಹಾರುವ ವೇಗದ ಬಗ್ಗೆ ನನಗೆ ತಕರಾರಿದೆ. ಜಿಪಿಎಸ್ ಮಾಡ್ಯೂಲ್ ಉತ್ತಮವಾದಷ್ಟೂ ಡ್ರೋನಿಗೆ ತಾನು ಎಲ್ಲಿದ್ದೇನೆಂಬುದು ಚೆನ್ನಾಗಿ ತಿಳಿಯುತ್ತದೆ. ತಾನು ಅಲ್ಲಿರಬಹುದೇ, ಇರಬಾರದೇ ಎಂಬುದು ಅದಕ್ಕೆ ಎಂದಿಗೂ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದವರು ನಾವು. ಮಕ್ಕಳು ಮಾಡ್ಯೂಲನ್ನು ಅವಶ್ಯ ಬದಲಾಯಿಸಲಿ, ಆದರೆ ಕೂಟವು ತನ್ನ ಕಾರ್ಯಕ್ರಮಗಳಲ್ಲಿ ಅವರಿಂದ ಡ್ರೋನ್ ಹಾರಿಸಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರಿಸಲು ಈ ಲೇಖನ.

ಮೊದಲಿಗೆ ಆ ಪುಟ್ಟ ಪೆಟ್ಟಿಗೆ ಏನು ಮಾಡುತ್ತದೆಂದು ನೋಡೋಣ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಸಮಯವನ್ನು ಸಾರುತ್ತಲೇ ಇರುತ್ತವೆ. ಆ ಸಂಕೇತ ಎಷ್ಟು ತಡವಾಗಿ ತಲುಪಿತೆಂಬುದರ ಮೇಲೆ ಮಾಡ್ಯೂಲ್ ಪ್ರತಿಯೊಂದು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು: ಮೂರು ನೆಲೆಯನ್ನು ಗುರುತಿಸಲು, ಮತ್ತೊಂದು ಮಾಡ್ಯೂಲಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಹಾಗಾಗಿ ಜಿಪಿಎಸ್ ಎಂಬುದು ನಕ್ಷೆಯ ವಿದ್ಯೆ ಎನ್ನುವುದಕ್ಕಿಂತ ಗಡಿಯಾರದ ವಿದ್ಯೆ ಎಂದರೇ ಸರಿ.

2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕದ ಸರಕಾರ ನಾಗರಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ತಪ್ಪು ನೂರು ಮೀಟರಿನಷ್ಟು ಇರಬಹುದಿತ್ತು. ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಅದು ನಿಂತ ಮೇಲೆ ಕಾರಿನ ದಾರಿ ತೋರುವ ಪೆಟ್ಟಿಗೆ ಹೆಚ್ಚು ನಿಖರವಾಯಿತು, ಮುಂದೆ ಅಂಗಳದಲ್ಲಿ ಹಾರುವ ಡ್ರೋನಿಗೂ ಅದರಿಂದ ಅನುಕೂಲವಾಯಿತು. ಇಂದು ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ, ಚೀನಾದ ಬೈಡೌ ವ್ಯವಸ್ಥೆಗಳೂ ಆಕಾಶದಲ್ಲಿವೆ. ಹಳೆಯ ಡ್ರೋನುಗಳಲ್ಲಿ ಕಾಣುವ ಯು-ಬ್ಲಾಕ್ಸ್ ನಿಯೋ-6ಎಂ ಮಾಡ್ಯೂಲ್ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡದ್ದು. ಎಂ8 ಪೀಳಿಗೆಯದು ಏಕಕಾಲಕ್ಕೆ ಮೂರು ವ್ಯವಸ್ಥೆಗಳನ್ನೂ ಎಂ10 ಪೀಳಿಗೆಯದು ನಾಲ್ಕನ್ನೂ ಕೇಳಬಲ್ಲದು. ಹಳೆಯದು ಏಳೆಂಟು ಉಪಗ್ರಹಗಳಿಗಾಗಿ ತಡಕಾಡುತ್ತಿದ್ದ ಜಾಗದಲ್ಲಿ ಹೊಸದಕ್ಕೆ ಅದರ ಎರಡರಷ್ಟು ಸಿಗುವುದು ಅಪರೂಪವಲ್ಲ.

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಇದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್‌ನ ಸಂಚಾರ ಕೇಂದ್ರವನ್ನು ಇಸ್ರೋ ಸ್ಥಾಪಿಸಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ. ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ಕಾಯುವ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ. ಈ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರೊಳಗಿನ ಆಮದು ಮಾಡಿದ ಮೂರು ಪರಮಾಣು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ಕೆಟ್ಟವು. ಉಪಗ್ರಹ ಮೇಲಿದ್ದರೂ ನೆಲೆ ಹೇಳಲು ಉಪಯೋಗವಿಲ್ಲದಂತಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿತ್ತು. ನಾವಿಕ್ ಉಪಗ್ರಹಗಳು ಭಾರತಕ್ಕೂ ಅದರ ಸುತ್ತಲಿನ ಸುಮಾರು 1,500 ಕಿಲೋಮೀಟರ್ ಪ್ರದೇಶಕ್ಕೂ ಮೀಸಲಾದವು. ವರ್ಜೀನಿಯಾದ ಅಥವಾ ಜಾರ್ಜಿಯಾದ ನಮ್ಮ ಅಂಗಳದಿಂದ ಅವು ಕಾಣವು. ಆದರೂ ಬ್ಯಾಲಾಳಿನ ಆ ದೊಡ್ಡ ಆ್ಯಂಟೆನಾಗಳ ಚಿತ್ರವನ್ನು ತೋರಿಸಿ, "ನಿನ್ನ ಕೈಯಲ್ಲಿರುವ ಪೆಟ್ಟಿಗೆ ಮಾಡುವ ಲೆಕ್ಕವನ್ನೇ ಅಲ್ಲಿಯೂ ಮಾಡುತ್ತಾರೆ" ಎಂದರೆ ಹತ್ತನೆಯ ತರಗತಿಯ ಹುಡುಗನ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಆ ಹುಡುಗ ನನ್ನ ತಂಗಿಯ ಮಗ. ಅವರ ಮನೆ ವರ್ಜೀನಿಯಾದ ವಿಯೆನ್ನಾದಲ್ಲಿ. ಅಲ್ಲಿ ಡ್ರೋನ್ ಹಾರಿಸುವಂತಿಲ್ಲವೆಂಬ ಕಾರಣಕ್ಕೆ, ದೀರ್ಘ ವಾರಾಂತ್ಯವೊಂದರಲ್ಲಿ ಆತ ತಾನೇ ಜೋಡಿಸಿದ ನಾಲ್ಕು ರೆಕ್ಕೆಯ ಯಂತ್ರವನ್ನೂ ಹೊಸ ಮಾಡ್ಯೂಲನ್ನೂ ಹಿಡಿದುಕೊಂಡು ಉತ್ತರ ಕ್ಯಾರೊಲಿನಾದ ನಮ್ಮ ಮನೆಗೆ ಬಂದಿದ್ದ. ಅಂಗಡಿಯಿಂದ ಸಿದ್ಧವಾಗಿ ಬರುವ ಮುಚ್ಚಿದ ಡ್ರೋನುಗಳಲ್ಲಿ ಈ ಕೆಲಸ ಸುಲಭವಲ್ಲ. ಅವುಗಳ ತಂತ್ರಾಂಶ ಬೇರೆ ಮಾಡ್ಯೂಲನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ; ಕೆಟ್ಟರೆ ಅದೇ ಬಗೆಯ ಭಾಗವನ್ನೇ ಹಾಕಬೇಕಾಗುತ್ತದೆ. ಬಿಡಿಭಾಗಗಳಿಂದ ಕಟ್ಟಿದ ಡ್ರೋನಿನಲ್ಲಿ ಮಾತ್ರ ನಿಜವಾದ ಬದಲಾವಣೆಗೆ ಆಸ್ಪದವಿದೆ.

ಕೆಲಸ ಹೇಳುವುದಕ್ಕೆ ಚಿಕ್ಕದು. ವಿದ್ಯುತ್ತಿಗೆ ಎರಡು ತಂತಿ. ಮಾಡ್ಯೂಲ್ ಕಳುಹಿಸುವ ತಂತಿಯನ್ನು ಫ್ಲೈಟ್ ಕಂಟ್ರೋಲರ್ ಸ್ವೀಕರಿಸುವ ಕಡೆಗೂ, ಕಂಟ್ರೋಲರ್ ಕಳುಹಿಸುವುದನ್ನು ಮಾಡ್ಯೂಲ್ ಸ್ವೀಕರಿಸುವ ಕಡೆಗೂ ಅಡ್ಡಡ್ಡ ಜೋಡಿಸಬೇಕು. ಮಾಡ್ಯೂಲಿನೊಳಗೇ ಇರುವ ದಿಕ್ಸೂಚಿಗೆ ಇನ್ನೆರಡು ತಂತಿ. ಮೇಲಿನ ಬಾಣದ ಗುರುತು ಡ್ರೋನಿನ ಮುಂಭಾಗಕ್ಕೆ ಇರಬೇಕು, ಇಲ್ಲವೇ ಯಾವ ಕೋನದಲ್ಲಿದೆಯೆಂದು ತಂತ್ರಾಂಶಕ್ಕೆ ತಿಳಿಸಬೇಕು. ಬ್ಯಾಟರಿಯ ದಪ್ಪ ತಂತಿಗಳಿಂದಲೂ ಕ್ಯಾಮೆರಾದಿಂದಲೂ ದೂರದಲ್ಲಿ, ಆಗುವುದಾದರೆ ಸಣ್ಣ ಕಂಬದ ಮೇಲೆ, ಆಕಾಶಕ್ಕೆ ಮುಖ ಮಾಡಿ ಕೂರಿಸಬೇಕು. ಎಲ್ಲವನ್ನೂ ಹುಡುಗ ಅಚ್ಚುಕಟ್ಟಾಗಿ ಮಾಡಿದ. ಎರಡು ತಪ್ಪುಗಳನ್ನು ಮಾತ್ರ ನಾವಿಬ್ಬರೂ ಸೇರಿ ಮಾಡಿದೆವು. ಕಂಬ ಮುರಿದಿತ್ತೆಂದು ಮಾಡ್ಯೂಲನ್ನು ಬ್ಯಾಟರಿಯ ತಂತಿಯ ಪಕ್ಕದಲ್ಲೇ ಅಂಟಿಸಿದೆವು. ಹೊರಗೆ ಮಳೆ ಹನಿಯುತ್ತಿತ್ತೆಂದು ದಿಕ್ಸೂಚಿಯ ಹೊಂದಾಣಿಕೆಯನ್ನು ಗ್ಯಾರೇಜಿನಲ್ಲೇ ಮುಗಿಸಿದೆವು: ಕಾಂಕ್ರೀಟಿನ ನೆಲದ ಮೇಲೆ, ಕಾರಿನ ಪಕ್ಕದಲ್ಲಿ.

ಮರುದಿನ ಸ್ನೇಹಿತರೊಬ್ಬರ ಬಯಲಿನಲ್ಲಿ ಹಾರಿಸಿದೆವು. "ಮಾವ, 14 ಸ್ಯಾಟಲೈಟ್ ಸಿಕ್ಕಿವೆ, ಹಳೇದರಲ್ಲಿ ಒಂದು ದಿನವೂ ಇಷ್ಟು ಬಂದಿರಲಿಲ್ಲ" ಎಂದು ಹುಡುಗ ಸಂಭ್ರಮದಿಂದ ಕೂಗಿದ. ಡ್ರೋನ್ ಏರಿತು, ನಿಂತಿತು. ನಿಂತಲ್ಲೇ ಮೆಲ್ಲನೆ ಸುತ್ತತೊಡಗಿತು. ಸುತ್ತು ನೀರಿನ ಸುಳಿಯಂತೆ ಅಗಲವಾಗುತ್ತ ಹೋಗಿ, ಹುಡುಗ ಜಿಪಿಎಸ್ ನಿಲ್ಲಿಸಿ ಕೈಯಿಂದ ಹಿಡಿತಕ್ಕೆ ತರುವಷ್ಟರಲ್ಲಿ ಅಂಚಿನ ಪೈನ್ ಮರದ ಕೊಂಬೆಗೆ ಬಡಿದು ಕೆಳಗೆ ಬಿತ್ತು. ಎರಡು ಪ್ರೊಪೆಲರ್ ಮುರಿದವು. ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ.

ಉಪಗ್ರಹಗಳ ಲೆಕ್ಕ ಸರಿಯಾಗಿಯೇ ಇತ್ತು. ಡ್ರೋನಿಗೆ ತಾನು ಎಲ್ಲಿದ್ದೇನೆಂಬುದು ಗೊತ್ತಿತ್ತು. ಯಾವ ಕಡೆಗೆ ಮುಖ ಮಾಡಿದ್ದೇನೆಂಬುದು ಗೊತ್ತಿರಲಿಲ್ಲ. ಗಾಳಿ ಅದನ್ನು ಪೂರ್ವಕ್ಕೆ ಒಂದಡಿ ತಳ್ಳಿದರೆ ಅದು ಪಶ್ಚಿಮಕ್ಕೆ ಮರಳಬೇಕು. ಆದರೆ ನೆಲದೊಳಗಿನ ಕಬ್ಬಿಣವೂ ಬ್ಯಾಟರಿಯ ವಿದ್ಯುತ್ತೂ ದಿಕ್ಸೂಚಿಯನ್ನು ತಿರುಗಿಸಿದ್ದವು. ಪಶ್ಚಿಮವೆಂದು ಅದು ಭಾವಿಸಿದ ದಿಕ್ಕು ಪಶ್ಚಿಮವಾಗಿರಲಿಲ್ಲ. ತಿದ್ದಿಕೊಳ್ಳಲು ಇಟ್ಟ ಪ್ರತಿ ಹೆಜ್ಜೆಯೂ ಹೊಸ ತಪ್ಪಾಯಿತು. ಇದಲ್ಲದೆ ಕಾಂತದ ಉತ್ತರವೇ ಊರಿಂದೂರಿಗೆ ಬೇರೆ. ವಾಷಿಂಗ್ಟನ್ನಿನಲ್ಲಿ ಅದು ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪಶ್ಚಿಮಕ್ಕೆ ವಾಲಿದ್ದರೆ, ರಾಲಿಯಲ್ಲಿ ಸುಮಾರು 9, ಅಟ್ಲಾಂಟಾದಲ್ಲಿ ಸುಮಾರು 5. ಇಂದಿನ ಉತ್ತಮ ತಂತ್ರಾಂಶಗಳು ಜಿಪಿಎಸ್ ನೆಲೆಯನ್ನು ನೋಡಿ ಈ ವ್ಯತ್ಯಾಸವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಗ್ಯಾರೇಜಿನ ಕಬ್ಬಿಣವನ್ನು ಯಾವ ತಂತ್ರಾಂಶವೂ ಊಹಿಸಲಾರದು.

ಈ ಸಣ್ಣ ಸೋಲನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಆ ಬಯಲಿನ ಬದಲು ವನಭೋಜನದ ಹುಲ್ಲುಹಾಸು ಇದ್ದಿದ್ದರೆ? ಪೈನ್ ಮರದ ಬದಲು ಸಾಲಾಗಿ ಕುಳಿತ ಅಜ್ಜ ಅಜ್ಜಿಯರೂ ತೊಡೆಯ ಮೇಲಿನ ಮಕ್ಕಳೂ ಇದ್ದಿದ್ದರೆ? ಪರದೆಯ ಮೇಲೆ ಆಗಲೂ 14 ಎಂಬ ಅಂಕಿಯೇ ಕಾಣುತ್ತಿತ್ತು.

ನಿಖರತೆಯ ಅಂಕಿಗಳನ್ನು ನಾವು ಓದುವ ಬಗೆಯಲ್ಲೂ ಎಚ್ಚರ ಬೇಕು. ಎಂ8ಕ್ಕೆ 2.5 ಮೀಟರ್, ಎಂ10ಕ್ಕೆ 1.5 ಮೀಟರ್ ಎಂದು ತಯಾರಕರು ಬರೆಯುತ್ತಾರೆ. ಇದರ ಅರ್ಥ, ತೆರೆದ ಆಕಾಶದಡಿ ಅಳೆದ ನೆಲೆಗಳಲ್ಲಿ ಅರ್ಧದಷ್ಟು ಆ ವೃತ್ತದೊಳಗೆ ಬೀಳುತ್ತವೆ ಎಂದು. ಉಳಿದರ್ಧ ಹೊರಗೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ಪಕ್ಕದಲ್ಲಿ, ಸಂಕೇತ ಗೋಡೆಗೆ ಬಡಿದು ಬಂದರೆ ತಪ್ಪು ಇನ್ನೂ ಹೆಚ್ಚು. ಎತ್ತರವನ್ನು ಕಾಯುವುದಕ್ಕೆ ಬಹುಪಾಲು ಡ್ರೋನುಗಳು ಜಿಪಿಎಸ್‌ಗಿಂತ ಹೆಚ್ಚಾಗಿ ಗಾಳಿಯ ಒತ್ತಡ ಅಳೆಯುವ ಉಪಕರಣವನ್ನೇ ನಂಬುತ್ತವೆ. ಹೊಸ ಮಾಡ್ಯೂಲಿನಿಂದ ಅಲ್ಲಿ ಹೆಚ್ಚಿನ ಲಾಭವಿಲ್ಲ. ಸಂಪರ್ಕ ತಪ್ಪಿದಾಗ ಮನೆಗೆ ಮರಳುವ ಸೌಲಭ್ಯವೂ ಅಷ್ಟೆ. ಉಪಗ್ರಹಗಳು ಸಿಗುವ ಮುನ್ನವೇ ಮೋಟಾರು ಚಾಲೂ ಮಾಡಿದರೆ ಮರಳಬೇಕಾದ ಜಾಗವೇ ಸರಿಯಾಗಿ ದಾಖಲಾಗಿರುವುದಿಲ್ಲ. ಮರಳುವ ಎತ್ತರವನ್ನು ಸುತ್ತಲಿನ ಮರಗಳಿಗಿಂತ ಕಡಿಮೆ ಇಟ್ಟರೆ, ಅಟ್ಲಾಂಟಾದ ಹಿತ್ತಲುಗಳಲ್ಲಿ ನೂರಡಿ ಬೆಳೆದು ನಿಂತ ಪೈನ್ ಮರಗಳಿಗೇ ಅದು ನಿಖರವಾಗಿ ಹೋಗಿ ಬಡಿಯುತ್ತದೆ.

ಇನ್ನು ಕಾನೂನಿನ ಮಾತು. ಒಂದೇ ಡ್ರೋನ್, ಒಂದೇ ಮಾಡ್ಯೂಲ್. ಆದರೆ ನಮ್ಮ ಮೂರು ಪ್ರದೇಶಗಳಲ್ಲಿ ಮೂರು ಬಗೆಯ ಆಕಾಶ.

ವಾಷಿಂಗ್ಟನ್ನಿನವರ ಪಾಲಿಗೆ ಉತ್ತರ ಸರಳ. ರೇಗನ್ ನ್ಯಾಷನಲ್ ವಿಮಾನ ನಿಲ್ದಾಣದ ಸುತ್ತ 15 ಮೈಲಿಗಳ ಒಳವಲಯದಲ್ಲಿ ಎಫ್‌ಎಎ, ಅಂದರೆ ಕೇಂದ್ರ ವಿಮಾನಯಾನ ಆಡಳಿತದ ವಿಶೇಷ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಬೆಥೆಸ್ಡಾ, ಸಿಲ್ವರ್ ಸ್ಪ್ರಿಂಗ್, ಆನ್ನಂಡೇಲ್, ವಿಯೆನ್ನಾ ಎಲ್ಲವೂ ಅದರೊಳಗೆ ಬರುತ್ತವೆ. 15ರಿಂದ 30 ಮೈಲಿಗಳ ಹೊರವಲಯದಲ್ಲಿ, ಅಂದರೆ ಆ್ಯಶ್‌ಬರ್ನ್, ಜರ್ಮನ್‌ಟೌನ್‌ಗಳ ಕಡೆಗೆ, ನಿಯಮಗಳಿಗೆ ಒಳಪಟ್ಟು ಹಾರಿಸಬಹುದು. ಆದರೆ ಡಲೆಸ್ ನಿಲ್ದಾಣದ ನಿಯಂತ್ರಿತ ಆಕಾಶ ಎಲ್ಲಿದೆಯೆಂದು ಮೊದಲು ನೋಡಿಕೊಳ್ಳಬೇಕು. ಈ ಕಟ್ಟುನಿಟ್ಟಿಗೆ ಹಿನ್ನೆಲೆಯಿದೆ. 2015ರ ಜನವರಿ 26ರ ನಸುಕಿನಲ್ಲಿ, ವಿನೋದಕ್ಕಾಗಿ ಹಾರಿಸುತ್ತಿದ್ದ ಸರಕಾರಿ ನೌಕರನೊಬ್ಬನ ಕೈತಪ್ಪಿದ ಡ್ರೋನ್ ಶ್ವೇತಭವನದ ಅಂಗಳದಲ್ಲಿ ಬಿತ್ತು. ಕೆಲವೇ ದಿನಗಳಲ್ಲಿ ಅದರ ತಯಾರಕರಾದ ಡಿಜೆಐ, ರಾಜಧಾನಿಯ ಸುತ್ತ 25 ಕಿಲೋಮೀಟರ್ ಒಳಗೆ ತಮ್ಮ ಡ್ರೋನುಗಳು ಮೇಲೇಳದಂತೆ ತಂತ್ರಾಂಶವನ್ನು ಬದಲಾಯಿಸಿದರು. ಅಂದಿನಿಂದ "ಹಾರಬಾರದ ಜಾಗವಾದರೆ ಡ್ರೋನೇ ಹಾರುವುದಿಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿತು. 2025ರ ಜನವರಿಯಲ್ಲಿ ಅದೇ ಕಂಪನಿ ಅಮೆರಿಕದಲ್ಲಿ ಆ ತಡೆಯನ್ನು ತೆಗೆದು, ಎಚ್ಚರಿಕೆಯನ್ನಷ್ಟೇ ತೋರಿಸುವ ಕ್ರಮಕ್ಕೆ ಬಂದಿತು. ನಾವೇ ಜೋಡಿಸಿದ ಡ್ರೋನಿನಲ್ಲಂತೂ ಅಂಥ ತಡೆಯನ್ನು ನೆಚ್ಚುವಂತಿಲ್ಲ. ಹಳೆಯ ನಂಬಿಕೆಯ ಮೇಲೆ ಮಗುವಿನ ಕೈಗೆ ನಿಯಂತ್ರಕ ಕೊಡುವ ಹೆತ್ತವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಅಟ್ಲಾಂಟಾದಲ್ಲಿ ಆಲ್ಫರೆಟಾ, ಕಮ್ಮಿಂಗ್‌ಗಳ ಕಡೆ ಅವಕಾಶ ಹೆಚ್ಚು. ಆದರೆ ದೊಡ್ಡ ನಿಲ್ದಾಣವಷ್ಟೇ ಅಲ್ಲ, ಪೀಚ್‌ಟ್ರೀ-ಡಿಕಾಲ್ಬ್, ಲಾರೆನ್ಸ್‌ವಿಲ್‌ಗಳ ಸಣ್ಣ ನಿಲ್ದಾಣಗಳಿಗೂ ತಮ್ಮದೇ ನಿಯಂತ್ರಿತ ಆಕಾಶವಿದೆ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣದಲ್ಲಿ ಪ್ರಮುಖ ಬೇಸ್‌ಬಾಲ್, ಫುಟ್‌ಬಾಲ್ ಪಂದ್ಯಗಳಿದ್ದರೆ, ಒಂದು ಗಂಟೆ ಮೊದಲಿನಿಂದ ಪಂದ್ಯ ಮುಗಿದ ಒಂದು ಗಂಟೆಯವರೆಗೆ ಸುತ್ತಲಿನ ಮೂರು ನಾಟಿಕಲ್ ಮೈಲಿಗಳಲ್ಲಿ ಹಾರಾಟ ನಿಷಿದ್ಧ. ಷಾರ್ಲಟ್‌ನವರಿಗೂ ಇದು ಅನ್ವಯಿಸುತ್ತದೆ. ರಾಲಿಯ ಕಡೆ ನಮ್ಮವರು ಬಹಳವಿರುವ ಮಾರಿಸ್‌ವಿಲ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಅಲ್ಲಿ ಅನುಮತಿಯನ್ನು ಫೋನಿನಲ್ಲೇ ಲಾನ್ಸ್ ಎಂಬ ವ್ಯವಸ್ಥೆಯ ಮೂಲಕ ಕೇಳಬಹುದು, ಅದೂ ನಿಗದಿತ ಎತ್ತರದವರೆಗೆ ಮಾತ್ರ.

ಶರತ್ಕಾಲದಲ್ಲಿ ಎಲೆಗಳ ಬಣ್ಣ ನೋಡಲು ನಾವೆಲ್ಲ ಹೋಗುವ ಬ್ಲೂ ರಿಜ್ ಪಾರ್ಕ್‌ವೇ, ಗ್ರೇಟ್ ಸ್ಮೋಕಿ ಪರ್ವತಗಳು, ಶೆನಂಡೋವಾ ಎಲ್ಲವೂ ರಾಷ್ಟ್ರೀಯ ಉದ್ಯಾನ ಸೇವೆಯ ಅಧೀನದಲ್ಲಿವೆ. 2014ರಿಂದ ಅಲ್ಲಿ ಡ್ರೋನ್ ಏರಿಸುವುದೂ ಇಳಿಸುವುದೂ ನಿಷಿದ್ಧ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 5,000 ಡಾಲರುಗಳವರೆಗೆ ದಂಡ ವಿಧಿಸಬಹುದು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು 12 ಸೆಕೆಂಡುಗಳ ಕಾಲ 120 ಅಡಿ ಹಾರಿದ ಉತ್ತರ ಕ್ಯಾರೊಲಿನಾದ ಆ ಮರಳುದಿಣ್ಣೆಯೂ ಇದೇ ಸೇವೆಯ ಸ್ಮಾರಕ. ಮನುಷ್ಯ ಹಾರಲು ಕಲಿತ ನೆಲದಿಂದಲೇ ನಮ್ಮ ಮಕ್ಕಳು ಡ್ರೋನ್ ಹಾರಿಸುವಂತಿಲ್ಲ ಎಂಬುದು ವಿಚಿತ್ರವೆನಿಸಬಹುದು. ನಿಯಮ ಮಾತ್ರ ಸ್ಪಷ್ಟವಾಗಿದೆ.

ಮಾಡ್ಯೂಲ್ ಬದಲಾವಣೆಯೇ ಹೊಸ ಹೊಣೆಯನ್ನು ತರಬಹುದೆಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ವಿನೋದಕ್ಕಾಗಿ ಹಾರಿಸುವ 250 ಗ್ರಾಂವರೆಗಿನ ಡ್ರೋನಿಗೆ ನೋಂದಣಿ ಬೇಕಿಲ್ಲ. 240 ಗ್ರಾಂ ತೂಗುತ್ತಿದ್ದ ಡ್ರೋನಿಗೆ ಕಂಬಸಮೇತ ಮಾಡ್ಯೂಲ್ ಸೇರಿಸಿದರೆ ಆ ಗೆರೆ ದಾಟಿಹೋಗುತ್ತದೆ; ತೂಕವನ್ನು ಬ್ಯಾಟರಿ ಮೊದಲ್ಗೊಂಡು ಮೇಲೇರುವ ಎಲ್ಲವನ್ನೂ ಸೇರಿಸಿಯೇ ಅಳೆಯುತ್ತಾರೆ. ದಾಟಿದರೆ ಐದು ಡಾಲರ್ ಕೊಟ್ಟು ನೋಂದಾಯಿಸಬೇಕು, ಸಂಖ್ಯೆಯನ್ನು ಹೊರಗೆ ಬರೆಯಬೇಕು. ಜೊತೆಗೆ ಡ್ರೋನಿನ ಗುರುತನ್ನೂ ನೆಲೆಯನ್ನೂ ಬಿತ್ತರಿಸುವ ರಿಮೋಟ್ ಐಡಿ ಸಾಧನವೂ ಬೇಕು. ತೂಕ ಎಷ್ಟೇ ಇರಲಿ, ವಿನೋದಕ್ಕಾಗಿ ಹಾರಿಸುವ ಪ್ರತಿಯೊಬ್ಬರೂ ಟ್ರಸ್ಟ್ ಎಂಬ ಉಚಿತ ಪರೀಕ್ಷೆಯನ್ನು ಪೂರೈಸಿರಬೇಕು. ಅಡುಗೆಮನೆಯ ತಕ್ಕಡಿಯೂ ಅರ್ಧ ಗಂಟೆಯ ಆ ಪರೀಕ್ಷೆಯೂ ಮಾಡ್ಯೂಲಿನಷ್ಟೇ ಅಗತ್ಯವಾದ ಸಲಕರಣೆಗಳು.

ಈಗ ನಮ್ಮ ಕೂಟಕ್ಕೆ ನೇರವಾಗಿ ತಟ್ಟುವ ವಿಷಯ. ಹುಡುಗ ತನ್ನ ಸಂತೋಷಕ್ಕಾಗಿ ಹಾರಿಸಿದರೆ ಅದು ವಿನೋದ. ಕೂಟದ ಕೋರಿಕೆಯಂತೆ, ಕೂಟದ ವಾರ್ತಾಪತ್ರಕ್ಕೆ ಚಿತ್ರ ತೆಗೆಯಲು ಹಾರಿಸಿದರೆ? ಹಣ ಪಡೆಯಲಿಲ್ಲವೆಂಬ ಮಾತ್ರಕ್ಕೆ ಅದು ವಿನೋದವಾಗುವುದಿಲ್ಲ. ಲಾಭರಹಿತ ಸಂಸ್ಥೆಯೊಂದರ ಪರವಾಗಿ ಸ್ವಯಂಸೇವಕನಾಗಿ ಹಾರಿಸುವುದೂ ವಿನೋದದ ವ್ಯಾಪ್ತಿಗೆ ಹೊರಗಿರಬಹುದೆಂದು ಎಫ್‌ಎಎ ತನ್ನ ವಿವರಣೆಯಲ್ಲೇ ಹೇಳುತ್ತದೆ. ಆಗ ಬೇಕಾಗುವುದು ಭಾಗ 107ರ ಪರವಾನಗಿ: ಕನಿಷ್ಠ 16 ವರ್ಷ ವಯಸ್ಸು, 60 ಪ್ರಶ್ನೆಗಳ ಪರೀಕ್ಷೆ, 175 ಡಾಲರ್ ಶುಲ್ಕ. ಜನರ ತಲೆಯ ಮೇಲೆ ಹಾರಿಸಲು ಅದರಲ್ಲೂ ಪ್ರತ್ಯೇಕ ನಿಬಂಧನೆಗಳಿವೆ. ಹದಿನೈದರ ಹುಡುಗನಿಗೆ "ಒಂದು ಫೋಟೋ ತೆಗೆದುಕೊಡಪ್ಪ" ಎಂದು ನಾವು ಪ್ರೀತಿಯಿಂದ ಹೇಳುವಾಗ, ಅವನಿಂದ ಒಂದು ಉಲ್ಲಂಘನೆಯನ್ನು ಮಾಡಿಸುತ್ತಿರಬಹುದು. 2024ರ ಕಾಯ್ದೆಯ ನಂತರ ದಂಡ ಒಂದೊಂದು ಉಲ್ಲಂಘನೆಗೆ 75,000 ಡಾಲರುಗಳವರೆಗೂ ಹೋಗಬಹುದು.

"ಇಷ್ಟು ಸಣ್ಣ ವಿಷಯವನ್ನು ಯಾರು ನೋಡುತ್ತಾರೆ?" ಎಂದು ಕೇಳುವವರಿದ್ದಾರೆ. ರಿಮೋಟ್ ಐಡಿಯ ಉದ್ದೇಶವೇ ನೋಡುವುದು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ನಮ್ಮ ಬದುಕಿನಿಂದಲೇ ಬರುತ್ತದೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ಅನೇಕರು ಇನ್ನೂ ಹಸಿರು ಕಾರ್ಡಿನ ಸಾಲಿನಲ್ಲಿದ್ದಾರೆ. ಕೆಲವರು ಪೌರತ್ವದ ಅರ್ಜಿ ಸಿದ್ಧಪಡಿಸುತ್ತಿದ್ದಾರೆ. ಬಂಧನವಾಗಿತ್ತೇ, ಅಧಿಕಾರಿಗಳು ನೋಟಿಸು ಕೊಟ್ಟಿದ್ದರೇ ಎಂಬ ಪ್ರಶ್ನೆ ಆ ಅರ್ಜಿಯಲ್ಲಿದೆ. ಹತ್ತು ಹದಿನೈದು ವರ್ಷ ಕಾದ ಕುಟುಂಬ ಆ ಸಾಲಿನಲ್ಲಿ ಒಂದು ಚಿತ್ರಕ್ಕಾಗಿ ವಿವರಣೆ ಬರೆಯುವಂತೆ ಆಗಬಾರದು.

ಇಷ್ಟು ಎಚ್ಚರಿಕೆ ಹೇಳಿದರೆ ಮಕ್ಕಳ ಆಸಕ್ತಿಯೇ ಕುಂದುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇದು ಭವಿಷ್ಯವಿರುವ ವಿದ್ಯೆ. 2019ರ ಮಾರ್ಚಿನಲ್ಲಿ ರಾಲಿಯ ವೇಕ್‌ಮೆಡ್ ಆಸ್ಪತ್ರೆಯ ಆವರಣದಲ್ಲಿ ರಕ್ತದ ಮಾದರಿಗಳನ್ನು ಡ್ರೋನ್ ಸಾಗಿಸತೊಡಗಿದಾಗ, ಆ ಊರಿನ ಮಕ್ಕಳು ಚರಿತ್ರೆಯ ಪಕ್ಕದಲ್ಲೇ ಇದ್ದರು. ಆದರೆ ನನ್ನ ಅನುಭವದಲ್ಲಿ ಆಸಕ್ತಿ ಹೆಚ್ಚಿದ್ದು ಮರಕ್ಕೆ ಬಡಿದ ಮೇಲೆ. "ಯಾಕೆ ಹೀಗಾಯಿತು?" ಎಂದು ಹುಡುಗ ಎರಡು ದಿನ ಕುಳಿತು ಹಾರಾಟದ ದಾಖಲೆಗಳನ್ನು ಬಿಡಿಸಿ ನೋಡಿದ. ಕಂಬವನ್ನು ಹೊಸದಾಗಿ ಮಾಡಿದ. ಹುಲ್ಲಿನ ಮೇಲೆ, ಜೇಬಿನಿಂದ ಕೀಲಿಕೈ, ಫೋನುಗಳನ್ನು ತೆಗೆದಿಟ್ಟು, ದಿಕ್ಸೂಚಿಯನ್ನು ಮತ್ತೆ ಹೊಂದಿಸಿದ. ಆಮೇಲೆ ಡ್ರೋನ್ ಗಾಳಿಯಲ್ಲಿ ನಿಂತ ರೀತಿಯನ್ನು ನೋಡಿ ಅವನು ಒಂದು ಮಾತನ್ನೂ ಆಡಲಿಲ್ಲ. ಸುಮ್ಮನೆ ನನ್ನ ಕಡೆ ತಿರುಗಿ ನಕ್ಕ.

ಆದ್ದರಿಂದ ನನ್ನ ಸಲಹೆಗಳು ಇವು. ಮೊದಲನೆಯದಾಗಿ, ಕೂಟದ ಹೊರಾಂಗಣ ಕಾರ್ಯಕ್ರಮಗಳಲ್ಲಿ ಸದಸ್ಯರ ಮಕ್ಕಳಿಂದ ಡ್ರೋನ್ ಚಿತ್ರ ತೆಗೆಸುವುದಿಲ್ಲವೆಂದು ಕಾರ್ಯಕಾರಿ ಸಮಿತಿ ನಿರ್ಣಯಿಸಲಿ. ಚಿತ್ರ ಬೇಕೇ ಬೇಕೆಂದರೆ ಪರವಾನಗಿಯೂ ವಿಮೆಯೂ ಉಳ್ಳವರನ್ನು, ಉದ್ಯಾನದ ಆಡಳಿತದ ಒಪ್ಪಿಗೆ ಪಡೆದು, ಕರೆಸೋಣ. ವಾಷಿಂಗ್ಟನ್ನಿನ ಒಳವಲಯದಲ್ಲಿ ಆ ಯೋಚನೆಯನ್ನೇ ಕೈಬಿಡೋಣ. ಏಣಿಯ ಮೇಲಿನಿಂದ ತೆಗೆದ ಚಿತ್ರದಲ್ಲಿಯೂ ಎಲ್ಲರ ಮುಖ ಕಾಣುತ್ತದೆ. ಎರಡನೆಯದಾಗಿ, ಕನ್ನಡ ಶಾಲೆಯ ಒಂದು ಶನಿವಾರವನ್ನು ಜಿಪಿಎಸ್ ಕಾರ್ಯಾಗಾರಕ್ಕೆ ಮೀಸಲಿಡೋಣ. ಬೆಸುಗೆ ಹಾಕುವುದು, ತಂತಿ ಜೋಡಿಸುವುದು, ತೂಕ ನೋಡುವುದು, ಉಪಗ್ರಹಗಳನ್ನು ಎಣಿಸುವುದು ಎಲ್ಲವನ್ನೂ ಪ್ರೊಪೆಲರ್ ಬಿಚ್ಚಿಟ್ಟು ಮೇಜಿನ ಮೇಲೆಯೇ ಕಲಿಸಬಹುದು. ಅಕ್ಷಾಂಶ, ರೇಖಾಂಶ, ದಿಕ್ಸೂಚಿ, ಕಕ್ಷೆ ಎಂಬ ಕನ್ನಡ ಪದಗಳು ಪಾಠದ ಪುಸ್ತಕದಿಂದ ಇಳಿದು ಮಕ್ಕಳ ಕೈಗೆ ಬರುವುದು ಹೀಗೆಯೇ. ಮೂರನೆಯದಾಗಿ, 16 ದಾಟಿದ ಆಸಕ್ತರಿಗೆ ಭಾಗ 107ರ ಪರೀಕ್ಷೆಗೆ ಸಿದ್ಧತೆ ಮಾಡಿಸಲು ನಮ್ಮ ಸದಸ್ಯರಲ್ಲೇ ಇರುವ ಪರವಾನಗಿದಾರರು ಮುಂದೆ ಬರಲಿ. ಮುಂದಿನ ವರ್ಷಗಳಲ್ಲಿ ಕೂಟದ ಚಿತ್ರವನ್ನು ಕೂಟದ ಮಕ್ಕಳೇ, ನಿಯಮದಂತೆ, ತೆಗೆಯುವ ದಿನ ಬರುವುದು ಅಸಾಧ್ಯವೇನಲ್ಲ.

ರಜೆಗೆ ಊರಿಗೆ ಹೊರಡುವವರಿಗೆ ಒಂದು ಕಡೆಯ ಮಾತು. ಅಜ್ಜಿಯ ತೋಟವನ್ನು ಮೇಲಿನಿಂದ ಚಿತ್ರಿಸಬೇಕೆಂಬ ಆಸೆ ಮಕ್ಕಳಿಗಿರುತ್ತದೆ. 2022ರ ಫೆಬ್ರವರಿ 9ರಂದು ಭಾರತ ಸರಕಾರ ಸಿದ್ಧ ಡ್ರೋನುಗಳ ಆಮದನ್ನು ಕೆಲವು ಅಪವಾದಗಳ ಹೊರತು ನಿಷೇಧಿಸಿದೆ. ಡ್ರೋನನ್ನು ಇಲ್ಲಿಯೇ ಬಿಟ್ಟು ಹೋಗಿ. ಆ ತೋಟವನ್ನು ಅಜ್ಜಿಯ ಕೈ ಹಿಡಿದು ನಡೆದೇ ನೋಡಲಿ.

ಸದಸ್ಯರು ತಮ್ಮ ಒಪ್ಪಿಗೆಯನ್ನೂ ಭಿನ್ನಾಭಿಪ್ರಾಯವನ್ನೂ ಸಮಿತಿಗೆ ತಿಳಿಸಬೇಕೆಂದು ಕೋರುತ್ತೇನೆ. ವನಭೋಜನದ ದಿನ ಮೊಸರನ್ನದ ಸಾಲಿನಲ್ಲಿ ಎದುರಾದರೂ ಸರಿ, ಅಲ್ಲಿಯೇ ಚರ್ಚಿಸೋಣ.